ಕೋವಿಯ ನಿರ್ವಹಣೆ

ಕೋವಿಯ ನಿರ್ವಹಣೆ ಎಂದರೆ ಕೋವಿ ಅಥವಾ ರೈಫಲ್ಲನ್ನು ಸುರಕ್ಷಿತವಾಗಿ ಖಾಲಿ ಮಾಡಿ, ಶುಚಿಗೊಳಿಸಿ, ಎಣ್ಣೆ ಸವರಿ, ಅದರ ಗುರಿಕಣ್ಣುಗಳನ್ನು ಸರಿಯಾದ ಸ್ಥಾನದಲ್ಲಿ ಉಳಿಸಿಕೊಳ್ಳುವ ಕ್ರಮವಾಗಿದೆ. ಕರ್ನಾಟಕದಲ್ಲಿ ಇದು ಕೊಡಗಿನ ಕೈಲ್ ಪೊಳ್ದ್ ಹಬ್ಬದೊಡನೆ ಬೆಸೆದುಕೊಂಡಿದೆ.

ಪೂರ್ವಸಿದ್ಧತೆ

ಕೋವಿಯಲ್ಲಿ ಮದ್ದುಗುಂಡು ಇದೆಯೆಂದೇ ಭಾವಿಸಿ ಕೆಲಸ ಆರಂಭಿಸಬೇಕು. ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೆ ತಿರುಗಿಸಿ, ಮೊದಲು ಮ್ಯಾಗಜಿನ್ ಕಳಚಿ, ಬಳಿಕ ಬೋಲ್ಟ್ ತೆರೆಯಲಾಗುತ್ತದೆ. ಈ ಕ್ರಮ ಹಿಂದುಮುಂದಾದರೆ ಮತ್ತೊಂದು ತೋಟಾ ಕೋಣೆಯನ್ನು ಸೇರಬಹುದು. ತೋಟಾಕೋಣೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸುವುದು ರೂಢಿ. ಬಾಯಿಯಿಂದ ಮದ್ದು ತುಂಬುವ ನಾಡಕೋವಿಗಳಲ್ಲಿ ಮೊದಲು ಕೇಪನ್ನು ತೆಗೆದು, ಗಜದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ ಅದು ತಳ ಮುಟ್ಟುತ್ತದೆಯೇ ಎಂದು ನೋಡಲಾಗುತ್ತದೆ.

ಶುಚಿಗೊಳಿಸುವಿಕೆ

ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಬೇಗ ತುಕ್ಕು ಹಿಡಿಸುತ್ತದೆ. ಅದರಲ್ಲಿರುವ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ಣ ಒಣಗಿಸಿದ ಬಳಿಕವೇ ಎಣ್ಣೆ ಸವರುತ್ತಾರೆ. ಹೊಗೆರಹಿತ ಮದ್ದಿನ ರೈಫಲ್ಲುಗಳಿಗೆ ದ್ರಾವಕ, ಕುಂಚ ಮತ್ತು ಬಟ್ಟೆ ಸಾಕಾಗುತ್ತವೆ. ಸಾಧ್ಯವಿರುವಲ್ಲೆಲ್ಲ ಹಿಂಭಾಗದಿಂದ ಬಾಯಿಯ ಕಡೆಗೆ ಒರೆಸಬೇಕು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಭಾರತದ ಪೊಲೀಸ್ ಪಡೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ .303 ಲೀ-ಎನ್‌ಫೀಲ್ಡ್ ರೈಫಲ್ಲಿನ ಹಿಂಗಟ್ಟಿನೊಳಗೆ ಎಣ್ಣೆ ಸೀಸೆ ಮತ್ತು ಒರೆಸುವ ಹಗ್ಗಕ್ಕೆಂದೇ ಗೂಡಿದೆ. ನಳಿಗೆಯೊಳಗೆ ಉಳಿದ ಹೆಚ್ಚುವರಿ ಎಣ್ಣೆ ಅಥವಾ ಬಟ್ಟೆಯ ಚೂರು ಗುಂಡು ಹಾರಿಸುವಾಗ ಅಪಾಯಕಾರಿ.

ಗುರಿಕಣ್ಣುಗಳನ್ನು ತೆಗೆಯುವುದು

ಸೈಟ್ ಎನ್ನಲಾಗುವ ಗುರಿಕಣ್ಣುಗಳನ್ನು ಕೆಲವು ರೈಫಲ್ಲುಗಳಲ್ಲಿ ತಿರುಪಿನಿಂದಲೂ, ಹಲವು ರೈಫಲ್ಲುಗಳಲ್ಲಿ ಪಾರಿವಾಳದ ಬಾಲದಾಕಾರದ ಗಾಡಿಯಲ್ಲಿಯೂ ಕೂರಿಸಿರುತ್ತಾರೆ. ಕಳಚುವ ಮುನ್ನ ಸೈಟ್ ಮತ್ತು ಅದರ ತಳದ ಮೇಲೆ ಸಣ್ಣ ಗೆರೆಯೊಂದನ್ನು ಎಳೆದುಕೊಂಡರೆ ಮರಳಿ ಅದೇ ಸ್ಥಾನದಲ್ಲಿ ಕೂರಿಸಬಹುದು. ತಿರುಪು ಇದ್ದರೆ ಮೊದಲು ಸಡಿಲಿಸಿ, ನಳಿಗೆಯನ್ನು ಮೆತ್ತೆಯಿರುವ ಇಕ್ಕಳದಲ್ಲಿ ಬಿಗಿದು, ಹಿತ್ತಾಳೆಯ ಕಡ್ಡಿಯ ಮೂಲಕ ಮೆಲ್ಲಗೆ ತಟ್ಟಬೇಕು. ಉಕ್ಕಿನ ಉಳಿ ಗೀರು ಮಾಡುತ್ತದೆ. ಗುರಿಯಿಡುವವನ ಎಡದಿಂದ ಬಲಕ್ಕೆ ತಟ್ಟಿ ತೆಗೆಯುವುದು, ಬಲದಿಂದ ಎಡಕ್ಕೆ ಕೂರಿಸುವುದು ಸಾಮಾನ್ಯ ರೂಢಿಯಾದರೂ ಎಲ್ಲ ಮಾದರಿಗಳಿಗೂ ಇದು ಅನ್ವಯಿಸದು. ಮರುಜೋಡಣೆಯ ನಂತರ ಗುರಿಯನ್ನು ಹೊಸದಾಗಿ ಪರೀಕ್ಷಿಸುವುದು ಅಗತ್ಯ. ಗುಂಡು ಯಾವ ಕಡೆಗೆ ಸರಿಯಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ, ಮುಂದಿನದನ್ನು ವಿರುದ್ಧ ಕಡೆಗೆ ಸರಿಸಬೇಕು.

ಕೊಡಗಿನ ಪರಂಪರೆ

ಸೆಪ್ಟೆಂಬರ್ ಆರಂಭದಲ್ಲಿ, ಭತ್ತದ ನಾಟಿ ಮುಗಿದ ಮೇಲೆ, ಕೊಡವರು ಕೈಲ್ ಪೊಳ್ದ್ ಆಚರಿಸುತ್ತಾರೆ. ಅಂದು ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ತೋಕ್ ಪೂ ಎಂಬ ಗೌರಿ ಹೂವಿನಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ದೀರ್ಘ ಮಳೆಗಾಲದ ತೇವದ ನಂತರ ಆಯುಧಗಳನ್ನು ಶುಚಿಗೊಳಿಸುವ ಈ ಪದ್ಧತಿ ವ್ಯಾವಹಾರಿಕವಾಗಿಯೂ ಉಪಯುಕ್ತವಾದುದು. ಹಿಂದೆ ಬೇಟೆಯ ಕಾಲಕ್ಕೆ ನಾಂದಿಯಾಗಿದ್ದ ಹಬ್ಬದಲ್ಲಿ ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ.

ಕಾನೂನು

1959ರ ಆಯುಧ ಕಾಯ್ದೆಯಂತೆ ಕೋವಿ ಹೊಂದಲು ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದರಿಂದ ವಿನಾಯಿತಿ ಇದ್ದು, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೋವಿಗಳ ದುರಸ್ತಿ ವೃತ್ತಿಗೆ ಪ್ರತ್ಯೇಕ ಪರವಾನಗಿ ಅಗತ್ಯ. ಕೋವಿಯ ಮೇಲಿನ ಗುರುತಿನ ಸಂಖ್ಯೆಯನ್ನು ಅಳಿಸುವುದು ಅಪರಾಧ. ಆದ್ದರಿಂದ ತುಕ್ಕು ಉಜ್ಜುವಾಗ ಆ ಭಾಗದಲ್ಲಿ ಎಚ್ಚರ ವಹಿಸಬೇಕು.