ಗೆಣಸಿನ ಕುಡಿ ಕಡಲು ದಾಟಿದ ಬಗೆ

ಅಮೆರಿಕದ ಉಷ್ಣಪ್ರದೇಶದಲ್ಲಿ ಜನ್ಮವೆತ್ತಿದ ಸಿಹಿಗೆಣಸು, ಫಿಲಿಪೈನ್ಸಿನ ಮಾರ್ಗವಾಗಿ ಚೀನದ ಫೂಜಿಯನ್ ಪ್ರಾಂತವನ್ನು ಸೇರಿ, 1605ರಲ್ಲಿ ನೊಗುನಿ ಸೊಕನ್ ಎಂಬಾತನಿಂದ ರ್ಯುಕ್ಯೂ ದ್ವೀಪಗಳಿಗೂ, ಶತಮಾನವೊಂದು ಕಳೆದ ಮೇಲೆ ಮಯೆದ ರಿಎಮೊನ್ ಎಂಬ ನಾವಿಕನಿಂದ ಜಪಾನಿನ ಸತ್ಸುಮ ಸೀಮೆಗೂ ಬಂದಿತು. 1732ರ ಘೋರ ಕ್ಷಾಮದಲ್ಲಿ ಪಶ್ಚಿಮ ಜಪಾನಿನ ಭತ್ತದ ಬೆಳೆಯು ಕೀಟಬಾಧೆಯಿಂದ ನಾಶವಾಗಿ ಜನರು ಅನ್ನವಿಲ್ಲದೆ ಮಡಿದರು. ಅದಾದ ಮೂರು ವರ್ಷಗಳಿಗೆ, 1735ರಲ್ಲಿ, ವಿದ್ವಾಂಸನಾದ ಅಒಕಿ ಕೊನ್ಯೊ ಎಡೊ ನಗರದ ಕೊಯಿಶಿಕಾವ ಔಷಧೋದ್ಯಾನದಲ್ಲಿ ಈ ಗೆಣಸನ್ನು ನೆಟ್ಟು ಪರೀಕ್ಷಿಸಿದನು. ಬೀಜವನ್ನು ಬಿತ್ತದೆ, ಗಡ್ಡೆಯನ್ನೇ ಬೆಚ್ಚನೆಯ ಮಣ್ಣಿನಲ್ಲಿ ಹುದುಗಿಸಿ, ಮೊಳೆತು ನೀಳವಾದ ಕುಡಿಗಳನ್ನು ಬಿಡಿಸಿ ನೆಡುವ ಕ್ರಮವು, ಗದ್ದೆಯಿಲ್ಲದ ಬಡವನ ಹಿತ್ತಿಲಿಗೂ ಒಗ್ಗುವಂಥದು; ಅಧಿಕಾರಿಗಳ ಆಜ್ಞೆಗಿಂತಲೂ ಈ ಸೌಲಭ್ಯವೇ ಅದನ್ನು ಊರೂರಿಗೆ ಹಬ್ಬಿಸಿತೆಂದು ನಾನು ಬಗೆಯುತ್ತೇನೆ. ಜಪಾನೀಯರು ಅದನ್ನು ಇಂದಿಗೂ ‘ಸತ್ಸುಮ-ಇಮೊ’, ಎಂದರೆ ಸತ್ಸುಮದ ಗಡ್ಡೆ, ಎಂದೇ ಕರೆಯುತ್ತಾರೆ.