ತುದಿಯಲ್ಲಿ ನೀರಿಲ್ಲ, ತಪ್ಪು ಯಾರದು?

ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ನಮಗೆ ಗಾಜು ತೊಳೆಯುವವರು ಕಾಣಿಸುವುದು ಹಗ್ಗದಲ್ಲಿ ನೇತಾಡುತ್ತಾ ಕಿಟಕಿಯಾಚೆ ಇಳಿದು ಬಂದಾಗ ಮಾತ್ರ. ಆದರೆ ನಾಲ್ಕೈದು ಮಹಡಿಯ ಕಟ್ಟಡವಾದರೆ ಹಗ್ಗವೂ ಬೇಡ, ಏಣಿಯೂ ಬೇಡ ಎನ್ನುವ ಸಲಕರಣೆ ಒಂದಿದೆ. ಕಾರ್ಬನ್ ಫೈಬರಿನ ಉದ್ದನೆಯ ಕೋಲು, ಅದರ ತುದಿಗೊಂದು ಬ್ರಷ್ಷು, ಬ್ರಷ್ಷಿನಲ್ಲಿ ಸಣ್ಣ ತೂತಿನ ಜೆಟ್‌ಗಳು. ಕೆಳಗೆ ವ್ಯಾನಿನಲ್ಲಿ ಟ್ಯಾಂಕು, ಬ್ಯಾಟರಿ ಪಂಪು, ಅಲ್ಲಿಂದ ಕೋಲಿನ ತುದಿವರೆಗೆ ಬೆರಳಿಗಿಂತ ಸಣ್ಣ ಪೈಪು. ನೀರಿನಿಂದ ಲವಣವನ್ನೆಲ್ಲ ಮೊದಲೇ ತೆಗೆದಿರುವುದರಿಂದ ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಉಳಿಯೋಲ್ಲ. ಒರೆಸುವ ಕೆಲಸವೇ ಇಲ್ಲ. ನೆಲದ ಮೇಲೆ ನಿಂತು ಉಜ್ಜಿದರೆ ಮುಗೀತು.

ಬ್ರಿಟನ್ನಿನಲ್ಲಿ ಈ ಕೋಲಿಗೆ ಕಾನೂನಿನ ಬಲವೂ ಸಿಕ್ಕಿತು. 2005ರ ಏಪ್ರಿಲ್‌ನಲ್ಲಿ ಅಲ್ಲಿ ಜಾರಿಗೆ ಬಂದ ಎತ್ತರದ ಕೆಲಸದ ನಿಯಮಗಳು ಹೇಳುವ ಮೊದಲ ಮಾತು ಸರಳ: ಮೇಲೆ ಹತ್ತದೇ ಮಾಡಲು ಸಾಧ್ಯವಿರುವ ಕೆಲಸಕ್ಕೆ ಯಾರನ್ನೂ ಮೇಲೆ ಹತ್ತಿಸಬೇಡಿ. ಏಣಿಯನ್ನು ಕಾನೂನು ನಿಷೇಧಿಸಲಿಲ್ಲ. ಆದರೆ ಕೋಲು ಕೈಯಲ್ಲಿರುವಾಗ ಏಣಿ ಯಾಕೆ ಅನ್ನೋ ಪ್ರಶ್ನೆಗೆ ಮಾಲೀಕನೇ ಉತ್ತರ ಕೊಡಬೇಕಾಯಿತು.

ಇಲ್ಲೇ ಸಮಸ್ಯೆ ಶುರು. ತುದಿಯಲ್ಲಿ ನೀರು ಸಣ್ಣಗಾದರೆ ಕೋಲು ಬರೀ ಕೋಲು. ಕೆಲಸ ನಿಲ್ಲುತ್ತೆ, ಕೋಲು ಹಿಡಿದವನು ಬೈಸಿಕೊಳ್ತಾನೆ, ಕೊನೆಗೆ ಯಾರೋ ಹೋಗಿ ಏಣಿ ತರ್ತಾರೆ. ಹಾಗಾಗಿ ನೀರು ಯಾಕೆ ಬರುತ್ತಿಲ್ಲ ಎಂದು ಬೇಗ ಕಂಡುಹಿಡಿಯುವುದು ಬರೀ ರಿಪೇರಿಯ ವಿಷಯವಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಈ ಸಲಕರಣೆಯ ಒಂದೊಂದು ಭಾಗದಲ್ಲೂ ನೀರು ನಿಲ್ಲುವ ಕಾರಣವನ್ನು ಯಾರೋ ಒಬ್ಬರು ಹಿಂದೆಯೇ ಹುಡುಕಿಟ್ಟಿದ್ದಾರೆ.

ಮೊದಲು ಪಂಪು. 1638ರಲ್ಲಿ ಅಚ್ಚಾದ ಗೆಲಿಲಿಯೋನ ಕೊನೆಯ ದೊಡ್ಡ ಪುಸ್ತಕದಲ್ಲಿ ಸಂಭಾಷಣೆ ನಡೆಸುವ ಪಾತ್ರವೊಂದು ಒಂದು ಕಥೆ ಹೇಳುತ್ತದೆ. ತೊಟ್ಟಿಯ ನೀರು ಕೆಳಗಿಳಿದಾಗ ಪಂಪು ಕೆಲಸ ನಿಲ್ಲಿಸಿತು. ಕೆಟ್ಟಿರಬೇಕು ಅಂದುಕೊಂಡು ರಿಪೇರಿಯವನನ್ನು ಕರೆಸಿದರು. ಅವನು ನೋಡಿ, ಪಂಪು ಸರಿಯಾಗಿದೆ, ನೀರೇ ತುಂಬ ಕೆಳಗೆ ಹೋಗಿದೆ, 18 ಮೊಳಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಎತ್ತರಕ್ಕೆ ಇದನ್ನು ಹೀರೋಕಾಗಲ್ಲ ಅಂದ. ಅವರ 18 ಮೊಳ ನಮ್ಮ ಲೆಕ್ಕಕ್ಕೆ ಸುಮಾರು 10 ಮೀಟರ್. ಅವನ ಮಾತು ನಿಜ, ಆದರೆ ಗೆಲಿಲಿಯೋ ಕೊಟ್ಟ ವಿವರಣೆ ತಪ್ಪಾಗಿತ್ತು. ಹಗ್ಗ ತನ್ನ ಭಾರಕ್ಕೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಅವನು ಭಾವಿಸಿದ. 1640ರ ದಶಕದಲ್ಲಿ ಟೊರಿಚೆಲ್ಲಿ ಪಾದರಸದ ಕೊಳವೆಯ ಮೂಲಕ ಸರಿ ಕಾರಣ ಹೇಳಿದ: ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಭಾರ ಅದನ್ನು ಮೇಲಕ್ಕೆ ತಳ್ಳುತ್ತದೆ, ಆ ಭಾರಕ್ಕೊಂದು ಮಿತಿ ಇದೆ.

ನಮ್ಮ ಕೋಲಿನ ಪಂಪು ಕೆಳಗಿನಿಂದ ತಳ್ಳುವುದರಿಂದ ಈ 10 ಮೀಟರಿನ ಮಿತಿ ಅದಕ್ಕಿಲ್ಲ. ಆದರೂ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಖರ್ಚಾಗಿಯೇ ಆಗುತ್ತೆ. ಬ್ಯಾಟರಿ ಇಳಿದಿದ್ದರೆ ಕೆಳಗಿನ ಕಿಟಕಿಗೆ ಚೆನ್ನಾಗಿ ಬರುವ ನೀರು ನಾಲ್ಕನೇ ಮಹಡಿಯಲ್ಲಿ ಸೊರಗುವುದು ಇದಕ್ಕೇ. ಇನ್ನು ಪೈಪಿನಲ್ಲಿ ಗುಳ್ಳೆ ಕಾಣಿಸಿದರೆ ಟ್ಯಾಂಕಿಗೂ ಪಂಪಿಗೂ ನಡುವಿನ ಕ್ಲಿಪ್ಪು ನೋಡಿ. ಅದು ಸಡಿಲವಾದರೆ ನೀರು ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ.

ಎರಡನೆಯದು ಪೈಪು. ಪ್ಯಾರಿಸ್ಸಿನ ವೈದ್ಯ ಪ್ವಾಸ್ಯೂಯ್ ಯೋಚಿಸುತ್ತಿದ್ದದ್ದು ಸಣ್ಣ ನಾಳಗಳಲ್ಲಿ ಹರಿಯುವ ರಕ್ತದ ಬಗ್ಗೆ. 1838ರ ಹೊತ್ತಿಗೆ ಅವನು ಕೂದಲಿನಷ್ಟು ತೆಳು ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆಯತೊಡಗಿದ. ಜರ್ಮನಿಯ ಎಂಜಿನಿಯರ್ ಹಾಗೆನ್ ಕೂಡ ಅದೇ ಕಾಲಕ್ಕೆ ತನ್ನಷ್ಟಕ್ಕೆ ತಾನೇ ಅದೇ ನಿಯಮ ಕಂಡುಕೊಂಡ. ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ ಒಂದು ಪಾಲಾಗುತ್ತದೆ! ಇದು ನೀರು ಶಾಂತವಾಗಿ ಹರಿಯುವಾಗಿನ ಲೆಕ್ಕ. ನಮ್ಮ ಪೈಪಿನಲ್ಲಿ ನೀರು ಕಲಕುತ್ತಾ ಓಡುತ್ತೆ. ಅಲ್ಲಿ ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ತಳ್ಳಬೇಕೆಂದರೆ ಸುಮಾರು 30 ಪಟ್ಟು ಒತ್ತಡ ಬೇಕು. ಕೋಲಿನ ಕೀಲಿನಲ್ಲಿ ಸಿಕ್ಕಿಕೊಂಡ ಪೈಪಿನ ಒಂದೇ ಒಂದು ಮಡಿಕೆ, ಚಕ್ರದಡಿ ಸಿಕ್ಕಿದ ಒಂದು ಗೇಣು ಪೈಪು ಇಡೀ ಕೆಲಸ ಕೆಡಿಸುವುದು ಯಾಕೆ ಅಂತ ಈಗ ಅರ್ಥವಾಯ್ತಲ್ವಾ?

ಮೂರನೆಯದು ಫಿಲ್ಟರು. ಫ್ರಾನ್ಸಿನ ದಿಜೋನ್ ನಗರಕ್ಕೆ 1840ರಲ್ಲಿ ದೂರದ ಊಟೆಯ ನೀರು ತಂದುಕೊಟ್ಟ ಎಂಜಿನಿಯರ್ ಆನ್ರಿ ಡಾರ್ಸಿ. ಆಮೇಲೆ ಅವನು ಉದ್ದನೆಯ ಕಂಬದಂಥ ಪಾತ್ರೆಗೆ ಮರಳು ತುಂಬಿ, ಮೇಲಿಂದ ನೀರು ಬಿಟ್ಟು, ಕೆಳಗೆಷ್ಟು ಬಂತು ಎಂದು ಅಳೆದ. 1856ರಲ್ಲಿ ಪ್ರಕಟಿಸಿದ ಅವನ ನಿಯಮ ಇವತ್ತಿಗೂ ಅಂತರ್ಜಲದ ಲೆಕ್ಕಕ್ಕೆ ಬುನಾದಿ: ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ಮರಳಿನ ದಪ್ಪ ಹೆಚ್ಚಿದಷ್ಟೂ ಹರಿವು ಕಮ್ಮಿ. ಮರುವರ್ಷ ಪೈಪುಗಳ ಬಗ್ಗೆಯೂ ಬರೆದು, ಒಳಮೈ ಹೊಸದೋ ಹಳೆಯದೋ, ನುಣುಪೋ ಒರಟೋ ಎಂಬುದು ಮುಖ್ಯ ಎಂದು ತೋರಿಸಿಕೊಟ್ಟ. ಹಾಗಾದರೆ ಫಿಲ್ಟರಿನ ಮೊದಲು ಒಂದು, ನಂತರ ಒಂದು ಒತ್ತಡದ ಮೀಟರ್ ಇದ್ದರೆ ಅದು ಕಟ್ಟಿಕೊಂಡಿದೆಯೇ ಎಂದು ಬಿಚ್ಚದೆಯೇ ಗೊತ್ತಾಗುತ್ತೆ. ಎರಡರ ಅಂತರ ದಿನೇ ದಿನೇ ಹೆಚ್ಚುತ್ತಿದ್ದರೆ ಫಿಲ್ಟರಿನ ಆಯಸ್ಸು ಮುಗೀತು ಅಂತಲೇ ಲೆಕ್ಕ.

ನಾಲ್ಕನೆಯದು ನಮಗೆಲ್ಲ ಪರಿಚಯದ ಆರ್‌ಒ ಮೆಂಬ್ರೇನು. ಇದರ ಹುಟ್ಟೇ ಹರಿವಿನ ಸಮಸ್ಯೆಯಿಂದ. ಸೆಲ್ಯುಲೋಸ್ ಅಸಿಟೇಟಿನ ಪೊರೆ ಉಪ್ಪನ್ನು ತಡೆಯುತ್ತದೆ ಎಂದು 1950ರ ದಶಕದಲ್ಲೇ ಅಮೆರಿಕದ ಫ್ಲೋರಿಡಾದಲ್ಲಿ ಗೊತ್ತಾಗಿತ್ತು. ಆದರೆ ನೀರು ಎಷ್ಟು ನಿಧಾನವಾಗಿ ಬರುತ್ತಿತ್ತೆಂದರೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ 1960ರ ಹೊತ್ತಿಗೆ ದಾರಿ ಕಂಡುಕೊಂಡರು. ಉಪ್ಪು ತಡೆಯುವ ಪದರ ತೀರಾ ತೆಳುವಾಗಿರಲಿ, ಅದಕ್ಕೆ ಆಸರೆಯಾಗಿ ಕೆಳಗೆ ದಪ್ಪನೆಯ ರಂಧ್ರಮಯ ಪದರವಿರಲಿ. ಡಾರ್ಸಿಯ ಮರಳಿನ ಪಾಠವೇ ಇಲ್ಲೂ: ದಪ್ಪ ಇಳಿಸಿದರೆ ಹರಿವು ಏರುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಊರಿನಲ್ಲಿ ಇಂಥ ಮೆಂಬ್ರೇನಿನ ಘಟಕ ಕುಡಿಯುವ ನೀರು ಕೊಡತೊಡಗಿತು.

ಅದೇ ತಂತ್ರ ಇವತ್ತು ಬೆಂಗಳೂರಿನ ಅಡುಗೆಮನೆಯ ಗೋಡೆಯಲ್ಲೂ ಇದೆ, ಗಾಜು ತೊಳೆಯುವ ಗಾಡಿಯಲ್ಲೂ ಇದೆ. ಕಾಯಿಲೆಯೂ ಒಂದೇ. ತಣ್ಣನೆಯ ನೀರು ಮೆಂಬ್ರೇನಿನಲ್ಲಿ ನಿಧಾನ: ಒಂದು ಡಿಗ್ರಿ ಇಳಿದರೆ ಸುಮಾರು ನೂರಕ್ಕೆ ಮೂರರಷ್ಟು ಕಮ್ಮಿ. ಚಳಿಗಾಲದ ಬೆಳಿಗ್ಗೆ ಟ್ಯಾಂಕು ತಡವಾಗಿ ತುಂಬಿದರೆ ಏನೋ ಕೆಟ್ಟಿದೆ ಎಂದೇ ಅರ್ಥವಲ್ಲ. ದುಬಾರಿ ಮೆಂಬ್ರೇನು ಬದಲಾಯಿಸುವ ಮೊದಲು ಅದರ ಹಿಂದಿರುವ ಅಗ್ಗದ ಕೆಸರು ಫಿಲ್ಟರು ನೋಡುವುದು ಜಾಣತನ, ಮನೆಯಲ್ಲೂ ಗಾಡಿಯಲ್ಲೂ.

ಇಷ್ಟು ಜನರ ಕೆಲಸದಲ್ಲಿ ಒಂದು ಸಮಾನ ಅಂಶವಿದೆ. ಯಾರೂ ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನೋಡಿ ಊಹಿಸಲಿಲ್ಲ. ಒಂದು ಭಾಗವನ್ನು ಬೇರೆ ಮಾಡಿದರು, ನೀರು ಬಿಟ್ಟರು, ಅಳೆದರು. ನಮಗೆ ಬೇಕಾದದ್ದು ಒಂದು ಬಕೆಟ್ಟು ಮತ್ತು ಮೊಬೈಲಿನ ಸ್ಟಾಪ್‌ವಾಚು. ಮೊದಲು ಬ್ರಷ್ಷು ಬಿಚ್ಚಿ ನಿಮಿಷಕ್ಕೆಷ್ಟು ಲೀಟರು ಬರುತ್ತೆ ನೋಡಿ. ಆಮೇಲೆ ಕೋಲಿನ ಪೈಪು, ಆಮೇಲೆ ರೀಲು, ಆಮೇಲೆ ಪಂಪಿನ ಬಾಯಿ. ಎಲ್ಲಿ ಬಿಚ್ಚಿದಾಗ ನೀರು ಇದ್ದಕ್ಕಿದ್ದಂತೆ ಜೋರಾಗುತ್ತೋ, ತಪ್ಪು ಆಗಷ್ಟೇ ಬಿಚ್ಚಿದ ಭಾಗದಲ್ಲಿದೆ. ಬ್ರಷ್ಷೇ ಆಗಿದ್ದರೆ ಜೆಟ್ಟಿನಲ್ಲಿ ಪಾಚಿಯೋ, ಶುದ್ಧೀಕರಣದ ರಾಳದಿಂದ ತಪ್ಪಿಸಿಕೊಂಡ ಸಾಸಿವೆಗಿಂತ ಸಣ್ಣ ಮಣಿಯೋ ಕೂತಿರುತ್ತೆ. ಪಂಪಿನ ಬಾಯಲ್ಲೂ ನೀರು ಸಣ್ಣಗಿದ್ದರೆ ಬ್ಯಾಟರಿ, ಪಂಪು, ಟ್ಯಾಂಕಿನ ಜಾಲರಿಯ ಕಡೆ ತಿರುಗಿ.

ಗೆಲಿಲಿಯೋ, ಟೊರಿಚೆಲ್ಲಿ, ಡಾರ್ಸಿ ಹೆಸರುಗಳೆಲ್ಲ ಪಠ್ಯಪುಸ್ತಕ ಸೇರಿದವು. ಆ ಪುಸ್ತಕದ ರಿಪೇರಿಯವನಿಗೆ ಮಾತ್ರ ಹೆಸರಿಲ್ಲ. ತಪ್ಪು ಪಂಪಿನದಲ್ಲ ಎಂದು ಮೊದಲು ಹೇಳಿದವನು ಅವನೇ, ಯಾಕೆಂದರೆ ದಿನಾ ಪಂಪು ಮುಟ್ಟುತ್ತಿದ್ದವನೂ ಅವನೇ. ಮುಂದಿನ ಸಲ ನಿಮ್ಮ ಆಫೀಸಿನ ಗಾಜು ಅರ್ಧಕ್ಕೇ ನಿಂತಿದ್ದರೆ ಕೋಲು ಹಿಡಿದವರನ್ನು ಬೈಯುವ ಬದಲು, ಏಣಿ ತರಲು ಹೇಳುವ ಮೊದಲು, ಒಂದು ಮಾತು ಕೇಳಿ ನೋಡಿ: ‘ಅಣ್ಣಾ, ನೀರು ಎಲ್ಲಿ ನಿಂತಿರಬಹುದು?’ ಉತ್ತರ ಅವರ ಹತ್ತಿರವೇ ಇರುತ್ತೆ.