ಡ್ರಾಯರಿನಲ್ಲಿದ್ದ ಮಾತ್ರೆಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಸ್ಟಾಫ್ ರೂಮಿನ ನನ್ನ ಮೇಜಿನ ಎಡಗಡೆಯ ಡ್ರಾಯರು ನೆನಪಿರಬಹುದು. ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿತ್ತು. ಅದರೊಳಗೆ ಹತ್ತಿ, ಅಯೋಡಿನ್ ಸೀಸೆ, ತಲೆನೋವಿನ ಮಾತ್ರೆಗಳು. ಜ್ವರವೆಂದು ಬಂದವರಿಗೆ ಒಂದು ಮಾತ್ರೆ, ಒಂದು ಲೋಟ ನೀರು. 1980ರ ದಶಕದಲ್ಲಿ ನಮ್ಮ ಶಾಲೆಯ ವೈದ್ಯಶಾಲೆ ಇಷ್ಟೇ.

ಬಿ.ಎಡ್. ಓದುವಾಗ ಶಾಲಾ ಆರೋಗ್ಯದ ಅಧ್ಯಾಯವೊಂದಿತ್ತು. 1909ರಲ್ಲಿ ಬರೋಡಾ ನಗರದಲ್ಲಿ ನಮ್ಮ ದೇಶದ ಶಾಲಾ ಮಕ್ಕಳ ಮೊದಲ ವೈದ್ಯಕೀಯ ತಪಾಸಣೆ ನಡೆಯಿತು. 1946ರಲ್ಲಿ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆಯೆಂದು ವರದಿ ಮಾಡಿತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಸಮಿತಿ ರಚನೆಯಾಯಿತು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಆದರೆ ಶಾಲೆಯ ವೇಳೆಯಲ್ಲಿ ಮಾತ್ರೆಯನ್ನು ಯಾರು ಕೊಡಬೇಕು, ಯಾರನ್ನು ಕೇಳಿ ಕೊಡಬೇಕು ಎಂಬುದನ್ನು ನಮಗಾರೂ ಕಲಿಸಲಿಲ್ಲ. ಹಳ್ಳಿಯ ಮಟ್ಟಿಗೆ ಅದು ಮೇಷ್ಟರ ವಿವೇಕಕ್ಕೆ ಬಿಟ್ಟದ್ದು.

ನನ್ನ ವಿವೇಕದ ಬೆಲೆ 1986ರಲ್ಲಿ ತಿಳಿಯಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೈಕೈ ನೋವೆಂದಾಗ ಆಸ್ಪಿರಿನ್ ಕೊಟ್ಟೆ. ಮುಂದಿನ ಪಿರಿಯಡ್ ಮುಗಿಯುವುದರೊಳಗೆ ಅವನಿಗೆ ಉಸಿರು ಎಳೆಯಲಾಗುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಉಬ್ಬಸವಿರುವ ಕೆಲವರಿಗೆ ಆ ಮಾತ್ರೆಯಿಂದಲೇ ಉಬ್ಬಸ ಕೆರಳುತ್ತದೆಂದು ಅಂದು ವೈದ್ಯರಿಂದ ತಿಳಿದೆ. ಹುಡುಗ ಉಳಿದ. ಹೊಲದಿಂದ ಹಾಗೇ ಓಡಿಬಂದ ಅವನ ತಾಯಿ ಬಯ್ಯಲಿಲ್ಲ. “ಅದು ಅವನಿಗೆ ಆಗಲ್ಲ ಸ್ವಾಮಿ, ಒಂದು ಮಾತು ಕೇಳಬಾರದಾಗಿತ್ತೇ?” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಡಬ್ಬಿಯಲ್ಲಿ ಹತ್ತಿ ಮತ್ತು ಅಯೋಡಿನ್ ಮಾತ್ರ ಉಳಿದವು. ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದು, ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಯಾವ ಕಾಯಿಲೆ, ಯಾವ ಔಷಧ ನಡೆಯುತ್ತಿದೆ, ಯಾವುದು ಒಗ್ಗದು ಎಂದು ಮನೆಯವರನ್ನು ಕೇಳಿ ಬರೆಯತೊಡಗಿದೆ. ಸಹೋದ್ಯೋಗಿಗಳು ‘ಮೇಷ್ಟರ ಜಾತಕ ಪುಸ್ತಕ’ ಎಂದು ನಗುತ್ತಿದ್ದರು.

2013ರ ಸುಮಾರಿಗೆ ಸರ್ಕಾರವೇ ಶಾಲೆಗೆ ಮಾತ್ರೆ ಕಳುಹಿಸತೊಡಗಿತು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, 100 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಬಿಸಿಯೂಟವಾದ ಮೇಲೆಯೇ, ನಮ್ಮ ಕಣ್ಣೆದುರೇ ನುಂಗಿಸಬೇಕು, ಮನೆಗೆ ಕೊಟ್ಟು ಕಳುಹಿಸಕೂಡದು. ಮಲ ಕಪ್ಪಾಯಿತೆಂದು ಮಕ್ಕಳು ಹೆದರಿದರು. ಮೊದಲೇ ಹೇಳಿದ್ದರೆ ಹೆದರುತ್ತಿರಲಿಲ್ಲ. ಎರಡನೆಯ ವಾರದಿಂದ ಹೇಳಿದೆ, ನಾನೂ ಒಂದನ್ನು ಅವರೆದುರೇ ನುಂಗಿದೆ.

2015ರ ಫೆಬ್ರವರಿ 10ರಂದು ದೇಶದಲ್ಲಿ ಮೊದಲ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯಿತು. ಅದರಲ್ಲಿ ಕೊಡುವುದು 400 ಮಿಲಿಗ್ರಾಂ ಆಲ್ಬೆಂಡಜೋಲ್. ನುಂಗದೆ ಅಗಿದು ತಿನ್ನಬೇಕು. ಅಂದು ಅಸ್ವಸ್ಥರಾಗಿರುವವರಿಗೆ, ಬೇರೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಕೊಡಬಾರದು. ನನ್ನ ನಿವೃತ್ತಿಗೆ ಮುಂಚೆ ಇಂಥದೊಂದು ದಿನ, ಎಂಟನೆಯ ತರಗತಿಯ ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಹೆಸರಿನ ಮುಂದೆ ನನ್ನ ಜಾತಕ ಪುಸ್ತಕದಲ್ಲಿ ‘ಮೂರ್ಛೆರೋಗ, ದಿನವೂ ಔಷಧ’ ಎಂದಿತ್ತು. ಗೆಳತಿಯರೆದುರು ಕೇಳಿದರೆ ಅವಳು ಇಲ್ಲವೆನ್ನುತ್ತಿದ್ದಳೋ ಏನೋ. ಸಾಲಿನಿಂದ ಮೆಲ್ಲಗೆ ಕರೆದು, ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟುಬಾ ಎಂದು ಕಳುಹಿಸಿದೆ. ಅವಳು ಮರಳುವುದರೊಳಗೆ ಆರೋಗ್ಯ ಸಹಾಯಕಿ ಆಸ್ಪತ್ರೆಗೆ ಫೋನು ಹಚ್ಚಿದ್ದರು.